ಎಸ್11 ಚೆನ್ನಾಗಿದೆ, ಆಂಟೆನಾ ಹೇಗಿದೆ?

ಫೈನಲ್ ಇಯರ್ ಪ್ರಾಜೆಕ್ಟ್ ಪ್ರದರ್ಶನದ ದಿನ ಇಸಿ ವಿಭಾಗದ ಕಾರಿಡಾರಿನಲ್ಲಿ ಒಂದು ಸುತ್ತು ಹಾಕಿ ನೋಡಿ. ಲೈನ್ ಫಾಲೋವರ್ ರೋಬೋಟ್, ಸ್ಮಾರ್ಟ್ ಡಸ್ಟ್‌ಬಿನ್, ಮುಖ ನೋಡಿ ಹಾಜರಿ ಹಾಕೋ ಕ್ಯಾಮೆರಾ, ಇವುಗಳ ಮಧ್ಯೆ ಒಂದಾದರೂ ಪ್ಯಾಚ್ ಆಂಟೆನಾ ಇದ್ದೇ ಇರುತ್ತೆ. ಅಂಗೈಯಗಲದ ಹಸಿರು ಎಫ್‌ಆರ್-4 ಬೋರ್ಡು, ಅದರ ಮೇಲೆ ಎರಡು ಮೂಲೆ ಕತ್ತರಿಸಿದ ತಾಮ್ರದ ಚೌಕ, ಹಿಂದೆ ಒಂದು ಎಸ್‌ಎಂಎ ಕನೆಕ್ಟರ್. ಪೋಸ್ಟರಿನ ತಲೆಬರಹ: ನಾವಿಕ್ ರಿಸೀವರ್‌ಗಾಗಿ ಸರ್ಕ್ಯುಲರ್ ಪೋಲರೈಸ್ಡ್ ಮೈಕ್ರೋಸ್ಟ್ರಿಪ್ ಆಂಟೆನಾ. ನಟ್ಟನಡುವೆ ಒಂದು ದೊಡ್ಡ ಎಸ್11 ಗ್ರಾಫ್. ಬೇಕಾದ ಫ್ರೀಕ್ವೆನ್ಸಿಯಲ್ಲಿ ಗೆರೆ ಬಾವಿಗೆ ಬಿಟ್ಟ ಕೊಡದ ಹಾಗೆ ಕೆಳಕ್ಕೆ ಇಳಿದಿರುತ್ತೆ. ಎಕ್ಸಾಮಿನರ್ ಆಳ ಎಷ್ಟು ಅಂತ ಕೇಳ್ತಾರೆ, ಹುಡುಗರು ಮೈನಸ್ ಇಪ್ಪತ್ತೆಂಟು ಡಿಬಿ ಅಂತಾರೆ, ಎಲ್ಲರಿಗೂ ಸಮಾಧಾನ.

ಆ ಸಮಾಧಾನದ ಬಗ್ಗೆಯೇ ನಮ್ಮ ತಕರಾರು. ಉಪಗ್ರಹ ನ್ಯಾವಿಗೇಷನ್‌ಗೆ ಅಂತ ಮಾಡಿದ ಆಂಟೆನಾವನ್ನು ಎಸ್11 ನೋಡಿ ಪಾಸು ಮಾಡಬಾರದು. ಅದನ್ನು ಟೆರೇಸಿಗೆ ಒಯ್ದು ಆಕಾಶದ ಕೆಳಗಿಟ್ಟು, ನಿಜವಾದ ಉಪಗ್ರಹದ ಸಿಗ್ನಲ್ ಎಷ್ಟು ಬರುತ್ತೆ ಅಂತ ನೋಡಿದ ಮೇಲೆಯೇ ಪ್ರಾಜೆಕ್ಟ್ ಮುಗಿಯಿತು ಅನ್ನಬೇಕು. ಬೆಂಗಳೂರಿನಲ್ಲಿ ಕೂತ ನಮಗೆ ಇದು ಬೇರೆ ಊರಿನವರಿಗಿಂತ ಸುಲಭ. ಯಾಕೆ ಅಂತ ಮುಂದೆ ಹೇಳ್ತೀವಿ.

ಮೊದಲು ಎಸ್11 ವಿಷಯ. ಅದು ಹೇಳೋದು ಇಷ್ಟೇ: ಕೇಬಲ್ಲಿನಿಂದ ಕಳಿಸಿದ ಶಕ್ತಿ ವಾಪಸ್ ಬರಲಿಲ್ಲ. ಎಲ್ಲಿಗೆ ಹೋಯ್ತು ಅನ್ನೋದು ಅದಕ್ಕೆ ಗೊತ್ತಿಲ್ಲ. ಲ್ಯಾಬಿನ ಡ್ರಾಯರಿನಲ್ಲಿ ಬಿದ್ದಿರೋ 50 ಓಮ್ ಡಮ್ಮಿ ಲೋಡ್ ತೆಗೆದು ಅಳೆದು ನೋಡಿ, ಅದರ ಎಸ್11 ನಮ್ಮ ಯಾವ ಪ್ಯಾಚ್‌ಗಿಂತಲೂ ಸೊಗಸಾಗಿರುತ್ತೆ. ಆದರೆ ಅದರಿಂದ ಹೊರಗೆ ಬರೋದು ಬಿಸಿ ಮಾತ್ರ. 1.6 ಮಿ.ಮೀ. ದಪ್ಪದ ಎಫ್‌ಆರ್-4 ಮೇಲೆ 1575 ಮೆಗಾಹರ್ಟ್ಸ್‌ನ ಪ್ಯಾಚ್ ಮಾಡಿದರೆ ಅದೂ ಹೆಚ್ಚು ಕಮ್ಮಿ ಡಮ್ಮಿ ಲೋಡಿನ ನೆಂಟನೇ. ಈ ಬೋರ್ಡಿನ ಲಾಸ್ ಟ್ಯಾಂಜೆಂಟ್ ಸುಮಾರು 0.02. ಅಂದರೆ ಬೋರ್ಡಿನ ನಷ್ಟವೊಂದನ್ನೇ ಲೆಕ್ಕ ಹಿಡಿದರೂ ಕ್ಯೂ 50ಕ್ಕೆ ನಿಲ್ಲುತ್ತೆ. ಅದೇ ಪ್ಯಾಚ್ ಅಲೆಯನ್ನು ಹೊರಗೆ ಬಿಡೋದಕ್ಕೆ ಸಂಬಂಧಪಟ್ಟ ಕ್ಯೂ ಇದರ ಎರಡು ಮೂರು ಪಟ್ಟು. ಎರಡನ್ನೂ ಸೇರಿಸಿ ಎಫಿಷಿಯೆನ್ಸಿ ಲೆಕ್ಕ ಮಾಡಿ: ಒಳಗೆ ಹೋದ ಶಕ್ತಿಯಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚು ಪಾಲು ಬೋರ್ಡಿನಲ್ಲೇ ಬಿಸಿಯಾಗಿ ಹೋಗುತ್ತೆ. ತಮಾಷೆ ಏನಂದರೆ ಈ ನಷ್ಟದಿಂದ ಎಸ್11 ಇನ್ನೂ ಅಗಲವಾಗಿ, ಇನ್ನೂ ಚೆಂದ ಕಾಣುತ್ತೆ. ಆಂಟೆನಾ ಕೆಟ್ಟಷ್ಟೂ ಪೋಸ್ಟರ್ ಸುಧಾರಿಸುತ್ತೆ.

ವೈ-ಫೈ ಆಂಟೆನಾ ಆಗಿದ್ದರೆ ಇದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು, ರೌಟರ್ ಪಕ್ಕದ ರೂಮಿನಲ್ಲೇ ಇರುತ್ತೆ. ನ್ಯಾವಿಗೇಷನ್ ಸಿಗ್ನಲ್ಲಿನ ಕತೆ ಬೇರೆ. ನಾವಿಕ್ ಉಪಗ್ರಹಗಳಿರೋದು ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ. ಅಲ್ಲಿಂದ ಇಳಿದು ನಮ್ಮ ಟೆರೇಸ್ ಮುಟ್ಟೋ ಹೊತ್ತಿಗೆ ಸಿಗ್ನಲ್ ಸುಮಾರು ಮೈನಸ್ 130 ಡಿಬಿಎಂಗೆ ಬಂದಿರುತ್ತೆ. ಒಂದು ವಾಟನ್ನು ನೂರು ಕೋಟಿ ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲು. ರಿಸೀವರ್ ಅದನ್ನು ನಾಯ್ಸ್ ಒಳಗಿಂದ ಕೋಡ್ ಹಚ್ಚಿ ಹೆಕ್ಕಿ ತೆಗೆಯಬೇಕು. ಇಂಥಾ ಕಡೆ ಆಂಟೆನಾದಲ್ಲಿ ಆರು ಡಿಬಿ ಕಳಕೊಳ್ಳೋದು ಅಂದರೆ ರೇಷನ್ ಅಂಗಡಿಯಿಂದ ತಂದ ಅಕ್ಕೀಲಿ ಮುಕ್ಕಾಲು ಪಾಲು ದಾರೀಲೇ ಚೆಲ್ಲಿ ಬಂದ ಹಾಗೆ.

ಇನ್ನು ಸರ್ಕ್ಯುಲರ್ ಪೋಲರೈಸೇಷನ್, ಅಂದರೆ ವೃತ್ತೀಯ ಧ್ರುವೀಕರಣ. ಅಲೆ ಮುಂದೆ ಸಾಗ್ತಾ ಅದರ ವಿದ್ಯುತ್ ಕ್ಷೇತ್ರ ತಿರುಪಿನ ಹಾಗೆ ಸುತ್ತುತ್ತೆ. ಬಲಗೈ ಹೆಬ್ಬೆರಳನ್ನು ಅಲೆ ಹೋಗೋ ದಿಕ್ಕಿಗೆ ಚಾಚಿ, ಉಳಿದ ಬೆರಳು ಮಡಿಚಿ. ಬೆರಳು ಮಡಿಚಿದ ಕಡೆಗೆ ಕ್ಷೇತ್ರ ಸುತ್ತಿದರೆ ಅದು ಬಲಗೈ ಅಲೆ. ಜಿಪಿಎಸ್, ಗೆಲಿಲಿಯೋ, ನಾವಿಕ್ ಎಲ್ಲವೂ ಬಲಗೈ ಅಲೆಯನ್ನೇ ಕಳಿಸ್ತವೆ. ಇದಕ್ಕೆ ಪಠ್ಯಪುಸ್ತಕ ಕೊಡೋ ಮೊದಲ ಕಾರಣ ಫ್ಯಾರಡೇ ರೊಟೇಷನ್: ಭೂಮಿಯ ಕಾಂತಕ್ಷೇತ್ರದ ಜೊತೆ ಸೇರಿ ಅಯಾನುಗೋಳ ನೇರ ಗೆರೆಯಂಥ ಅಲೆಯನ್ನು ಓರೆ ಮಾಡುತ್ತೆ, ಎಷ್ಟು ಓರೆ ಅನ್ನೋದು ಹೊತ್ತಿಂದ ಹೊತ್ತಿಗೆ ಬದಲಾಗುತ್ತೆ. ಫ್ರೀಕ್ವೆನ್ಸಿಯ ವರ್ಗಕ್ಕೆ ವಿಲೋಮವಾಗಿರೋದರಿಂದ 1176.45 ಮೆಗಾಹರ್ಟ್ಸ್‌ನ ಎಲ್5ನಲ್ಲಿ ಈ ಓರೆ, 1575.42ರ ಎಲ್1ಗಿಂತ ಸುಮಾರು 1.8 ಪಟ್ಟು ಹೆಚ್ಚು. ಸುತ್ತೋ ಅಲೆಯನ್ನು ಎಷ್ಟು ಓರೆ ಮಾಡಿದರೂ ಅದು ಸುತ್ತೋ ಅಲೆಯೇ. ಉಪಗ್ರಹ ಹೇಗೆ ತಿರುಗಿದರೂ, ನೀವು ಆಂಟೆನಾವನ್ನು ಹೇಗೆ ತಿರುಗಿಸಿಟ್ಟರೂ ಸಿಗ್ನಲ್ ಒಂದೇ ಥರ ಬರುತ್ತೆ.

ಊರೊಳಗೆ ಇರೋ ನಮಗೆ ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಕನ್ನಡಿ ಮುಂದೆ ನಿಂತು ಬಲಗೈ ಎತ್ತಿದರೆ ಒಳಗಿರೋನು ಎಡಗೈ ಎತ್ತುತ್ತಾನಲ್ಲ, ಹಾಗೇ ಬಲಗೈ ಅಲೆ ಗೋಡೆಗೋ ನೆಲಕ್ಕೋ ಬಡಿದು ತಿರುಗಿದರೆ ಬಹುಪಾಲು ಎಡಗೈ ಅಲೆಯಾಗಿ ಬರುತ್ತೆ. ತೀರಾ ಸವರಿಕೊಂಡು ಹೋದ ಅಲೆ ಮಾತ್ರ ಪೂರ್ತಿ ತಿರುಗಲ್ಲ. ಬಲಗೈ ಅಲೆಗೆ ಅಂತಲೇ ಸರಿಯಾಗಿ ಮಾಡಿದ ಆಂಟೆನಾಗೆ ಈ ಪ್ರತಿಫಲಿತ ಸಿಗ್ನಲ್ ಮಂಕಾಗಿ ಕೇಳುತ್ತೆ. ಅಂದರೆ ಮಲ್ಟಿಪಾತ್ ತೊಂದರೆಯ ದೊಡ್ಡ ಪಾಲು ಸಾಫ್ಟ್‌ವೇರ್ ತಂಕ ಬರೋಕ್ಕೆ ಮುಂಚೆ ತಾಮ್ರದಲ್ಲೇ ಕಳಚಿಹೋಗುತ್ತೆ.

ಜೆ.ಪಿ. ನಗರದಂಥ ಬಡಾವಣೆಯಲ್ಲಿ ಇದರ ಬೆಲೆ ಗೊತ್ತಾಗುತ್ತೆ. 30 ಅಡಿ ರಸ್ತೆ, ಎರಡೂ ಕಡೆ ನಾಲ್ಕು ಮಹಡಿಯ ಮನೆಗಳು ಅಂತ ಇಟ್ಟುಕೊಳ್ಳಿ. ರಸ್ತೆಯ ಒಂದು ಅಂಚಿನಲ್ಲಿ ಫೋನ್ ಹಿಡಿದು ನಿಂತರೆ ಎದುರಿನ 12 ಮೀಟರ್ ಎತ್ತರದ ಕಟ್ಟಡ ಆಕಾಶವನ್ನು ಸುಮಾರು 50 ಡಿಗ್ರಿ ತನಕ ಮುಚ್ಚಿಬಿಡುತ್ತೆ. ಈಗ ಎನ್‌ವಿಎಸ್-01 ಎಲ್ಲಿದೆ ನೋಡಿ. ಅದು 129.5 ಡಿಗ್ರಿ ಪೂರ್ವ ರೇಖಾಂಶದ ಮೇಲಿರೋ ಭೂಸ್ಥಿರ ಉಪಗ್ರಹ. ಬೆಂಗಳೂರಿನಿಂದ ಲೆಕ್ಕ ಹಾಕಿದರೆ ಪೂರ್ವದಿಂದ ಸ್ವಲ್ಪವೇ ದಕ್ಷಿಣಕ್ಕೆ, ದಿಗಂತದಿಂದ ಬರೀ 30 ಡಿಗ್ರಿಯಷ್ಟು ಮೇಲೆ. ಪೂರ್ವ ಪಶ್ಚಿಮವಾಗಿ ಹೋಗೋ ರಸ್ತೆಯಲ್ಲಿ ನಿಂತರೆ ಅದು ರಸ್ತೆಯ ತುದಿಯಲ್ಲಿ ನೇರವಾಗಿ ಸಿಗುತ್ತೆ. ಅಡ್ಡಕ್ಕೆ, ಉತ್ತರ ದಕ್ಷಿಣದ ರಸ್ತೆಗೆ ತಿರುಗಿದಿರೋ, ಎದುರು ಮನೆ ಅಡ್ಡ ಬಂತು. ಆಮೇಲೆ ನಿಮಗೆ ಸಿಗೋದು ಬೆನ್ನ ಹಿಂದಿನ ಗೋಡೆಗೆ ಬಡಿದು ಬಂದ ಸಿಗ್ನಲ್, ಎಡಗೈ ಆಗಿ, ಕೆಲವು ಮೀಟರ್ ಹೆಚ್ಚು ದೂರ ನಡೆದು ಬಂದದ್ದು. ಆಂಟೆನಾಗೆ ಕೈ ಯಾವುದು ಅನ್ನೋ ವಿವೇಚನೆ ಇಲ್ಲದಿದ್ದರೆ ಆ ಸಿಗ್ನಲ್ಲನ್ನು ನಿಜ ಅಂತ ನಂಬುತ್ತೆ. ಆಟೋ ಬುಕ್ ಮಾಡಿದಾಗ ಪಿನ್ ಹಿಂದಿನ ಕ್ರಾಸಿನಲ್ಲಿ ಕೂತಿರೋದಕ್ಕೆ ಇರೋ ಕಾರಣಗಳಲ್ಲಿ ಇದೂ ಒಂದು. ಕನಕಪುರ ರಸ್ತೆಯ ಮೆಟ್ರೋ ಹಳಿಯ ಕೆಳಗೆ ಹೋದರಂತೂ ತಲೆ ಮೇಲಿನ ಆಕಾಶವೇ ಕಾಂಕ್ರೀಟು.

ಕೈ ತಪ್ಪೋದು ಚಿಕ್ಕ ವಿಷಯ ಅಂತ ಯಾರಿಗಾದರೂ ಅನ್ನಿಸಿದರೆ ಟೆಲ್‌ಸ್ಟಾರ್ ಕತೆ ಕೇಳಿ. 1962ರ ಜುಲೈನಲ್ಲಿ ಅಮೆರಿಕದಿಂದ ಅಟ್ಲಾಂಟಿಕ್ ದಾಟಿಸಿ ಮೊದಲ ಬಾರಿಗೆ ಉಪಗ್ರಹದ ಮೂಲಕ ಟಿವಿ ಚಿತ್ರ ಕಳಿಸಿದರು. ಫ್ರಾನ್ಸಿನ ಪ್ಲೂಮರ್ ಬೊಡೂ ಕೇಂದ್ರಕ್ಕೆ ಚಿತ್ರ ಸ್ಪಷ್ಟವಾಗಿ ಬಂತು. ಇಂಗ್ಲೆಂಡಿನ ಗೂನ್‌ಹಿಲಿಯಲ್ಲಿ, ಅಷ್ಟು ದೊಡ್ಡ ಡಿಶ್ ಇದ್ದೂ, ಚಿತ್ರ ಸರಿಯಾಗಿ ಕಾಣಲೇ ಇಲ್ಲ. ಕಾರಣ ಹುಡುಕಿದರೆ, ಆಂಟೆನಾದ ಫೀಡಿನಲ್ಲಿ ಪೋಲರೈಸೇಷನ್‌ಗೆ ಸಂಬಂಧಪಟ್ಟ ಒಂದು ಸಣ್ಣ ಭಾಗ ತಿರುಗುಮುರುಗಾಗಿ ಕೂತಿತ್ತು. ಬಲಗೈ ಅಂದರೆ ಯಾವ ಕಡೆ ಸುತ್ತೋದು ಅನ್ನೋದರಲ್ಲೇ ಎರಡು ವ್ಯಾಖ್ಯಾನ ಚಾಲ್ತಿಯಲ್ಲಿದ್ದವು. ಆ ಭಾಗ ತಿರುಗಿಸಿ ಹಾಕಿದ ಮೇಲೆ ಎಲ್ಲ ಸರಿಹೋಯ್ತು. ಬೆಳಕಿನ ಭೌತಶಾಸ್ತ್ರದ ಪುಸ್ತಕದ ಬಲಗೈಗೂ ನಮ್ಮ ಆಂಟೆನಾ ಪುಸ್ತಕದ ಬಲಗೈಗೂ ಇವತ್ತಿಗೂ ತಾಳೆ ಆಗಲ್ಲ, ಎರಡನ್ನೂ ಒಟ್ಟಿಗೆ ಓದೋವಾಗ ಹುಷಾರು.

ಕೈ ಸರಿ ಇದ್ದರೆ ಸಾಲದು, ವೃತ್ತವೂ ವೃತ್ತದ ಹಾಗೆ ಇರಬೇಕು. ಅಲೆ ಒಂದು ಸುತ್ತು ಬರುವಾಗ ಅದರ ಅತಿ ಉದ್ದದ ಅಳತೆಗೂ ಅತಿ ಗಿಡ್ಡದ ಅಳತೆಗೂ ಇರೋ ಅನುಪಾತವೇ ಆಕ್ಸಿಯಲ್ ರೇಷಿಯೋ. ಶುದ್ಧ ವೃತ್ತಕ್ಕೆ 0 ಡಿಬಿ. ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ 3 ಡಿಬಿಗಿಂತ ಕಡಿಮೆ ಇದ್ದರೆ ಸರ್ಕ್ಯುಲರ್ ಅಂತ ಬರೆದು ಮುಂದೆ ಹೋಗೋ ವಾಡಿಕೆ ಇದೆ. ಆ 3 ಡಿಬಿಗೆ ಅರ್ಥ ಏನು? ಎಡಗೈ ಅಲೆ ಬಲಗೈ ಅಲೆಗಿಂತ ಸುಮಾರು 15 ಡಿಬಿ ಮಾತ್ರ ಕೆಳಗಿದೆ ಅಂತ. 1 ಡಿಬಿಗೆ ತಂದರೆ ಅಂತರ ಸುಮಾರು 25 ಡಿಬಿ ಆಗುತ್ತೆ. 6 ಡಿಬಿಗೆ ಜಾರಿದರೆ 10 ಡಿಬಿಯೂ ಉಳಿಯಲ್ಲ. ಇದೂ ನೆತ್ತಿಯ ಮೇಲಿನ ಲೆಕ್ಕ. ಪ್ಯಾಚ್ ಆಂಟೆನಾದ ಆಕ್ಸಿಯಲ್ ರೇಷಿಯೋ ದಿಗಂತದ ಕಡೆ ಬಾಗಿದ ಹಾಗೆಲ್ಲ ಕೆಡ್ತಾ ಹೋಗುತ್ತೆ, ಗೋಡೆಯ ಪ್ರತಿಫಲನ ಬರೋದೂ ಅದೇ ಕಡೆಯಿಂದ. ಪೋಸ್ಟರಿನಲ್ಲಿ ಇರೋ ಒಂದೇ ಒಂದು ಸಂಖ್ಯೆ ಯಾವ ಕೋನದ್ದು ಅಂತ ಕೇಳಿ ನೋಡಿ, ಮಾತು ಅಲ್ಲಿಗೆ ನಿಲ್ಲುತ್ತೆ.

ಈಗ ಆ ಮೂಲೆ ಕತ್ತರಿಸಿದ ಚೌಕಕ್ಕೆ ಬರೋಣ. ಅದರ ಉಪಾಯ ನಿಜಕ್ಕೂ ಜಾಣತನದ್ದು. ಎದುರುಬದುರು ಎರಡು ಮೂಲೆ ಕತ್ತರಿಸಿದಾಗ ಒಂದು ಕರ್ಣ ಗಿಡ್ಡ ಆಗುತ್ತೆ, ಇನ್ನೊಂದು ಹಾಗೇ ಉಳಿಯುತ್ತೆ. ಎರಡು ಕರ್ಣಗಳು ಎರಡು ಬೇರೆ ಫ್ರೀಕ್ವೆನ್ಸಿಯಲ್ಲಿ ಅನುರಣಿಸ್ತವೆ. ಎರಡರ ಮಧ್ಯದ ಫ್ರೀಕ್ವೆನ್ಸಿಯಲ್ಲಿ ಒಂದು 45 ಡಿಗ್ರಿ ಮುಂದೆ, ಇನ್ನೊಂದು 45 ಡಿಗ್ರಿ ಹಿಂದೆ, ಒಟ್ಟು 90. ಒಂದೇ ಫೀಡಿನಿಂದ ವೃತ್ತ ಹುಟ್ಟಿತು. ಯಾವ ಜೋಡಿ ಮೂಲೆ ಕತ್ತರಿಸ್ತೀರಿ ಅನ್ನೋದರ ಮೇಲೆ ಬಲಗೈಯೋ ಎಡಗೈಯೋ ತೀರ್ಮಾನ ಆಗುತ್ತೆ. ಪಿಸಿಬಿ ಮಾಡಿಸೋಕೆ ಕೊಟ್ಟ ಫೈಲು ಕನ್ನಡಿಬಿಂಬವಾಗಿ ಪ್ರಿಂಟ್ ಆದರೆ ಕೈ ಬದಲಾಯ್ತು ಅಂತಲೇ ಲೆಕ್ಕ, ಎಸ್11 ಮಾತ್ರ ಕೂದಲೆಳೆಯಷ್ಟೂ ಬದಲಾಗಲ್ಲ.

ಈ ಜಾಣ ಉಪಾಯ ಬಲು ನಾಜೂಕು. ನಾವು ಹೇಳಿದ ಎಫ್‌ಆರ್-4 ಪ್ಯಾಚ್‌ನಲ್ಲಿ ಆಕ್ಸಿಯಲ್ ರೇಷಿಯೋ 3 ಡಿಬಿ ಒಳಗಿರೋ ಪಟ್ಟಿ ಶೇಕಡಾ ಒಂದರಷ್ಟು, ಅಂದರೆ 15 ಮೆಗಾಹರ್ಟ್ಸ್ ಆಸುಪಾಸು. ಎಸ್11 ಮೈನಸ್ 10ಕ್ಕಿಂತ ಕೆಳಗಿರೋ ಪಟ್ಟಿ ಅದರ ಹಲವು ಪಟ್ಟು ಅಗಲ. ಪ್ಯಾಚ್‌ನ ಬದಿ ಸುಮಾರು 45 ಮಿ.ಮೀ. ಎಚಿಂಗ್‌ನಲ್ಲಿ ಅರ್ಧ ಮಿ.ಮೀ. ಹೆಚ್ಚು ಕಮ್ಮಿ ಆದರೆ 17 ಮೆಗಾಹರ್ಟ್ಸ್ ಜಾರುತ್ತೆ. ಬೋರ್ಡಿನ ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್ 4.4 ಅಂತ ಸಿಮ್ಯುಲೇಷನ್‌ನಲ್ಲಿ ಹಾಕಿರ್ತೀವಿ, ಎಸ್.ಪಿ. ರೋಡಿನಿಂದ ತಂದ ಹಾಳೆ 4.6 ಇದ್ದರೆ 35 ಮೆಗಾಹರ್ಟ್ಸ್ ಹೋಯ್ತು. ಆಗಲೂ 1575ರಲ್ಲಿ ಎಸ್11 ತಕ್ಕಮಟ್ಟಿಗೆ ಕೆಳಗೇ ಇರಬಹುದು, ಆದರೆ ವೃತ್ತ ಮಾತ್ರ ಚಪ್ಪಟೆಯಾಗಿ ಹೋಳಿಗೆಯಿಂದ ಕಡುಬಿನ ಆಕಾರಕ್ಕೆ ಬಂದಿರುತ್ತೆ. ಪೋಸ್ಟರ್ ನೋಡಿದವರಿಗೆ ಯಾವ ಸುಳಿವೂ ಸಿಗಲ್ಲ.

ಇದಕ್ಕೆ ಮದ್ದು ಇಲ್ಲ ಅಂತಲ್ಲ. 90 ಡಿಗ್ರಿ ಹೈಬ್ರಿಡ್ ಇಟ್ಟು ಎರಡು ಕಡೆಯಿಂದ ಫೀಡ್ ಮಾಡಿದರೆ ವೃತ್ತದ ಪಟ್ಟಿ ಅಗಲವಾಗುತ್ತೆ, ಸರ್ವೆ ಉಪಕರಣಗಳಲ್ಲಿ ನಾಲ್ಕು ಫೀಡಿನದ್ದೂ ಉಂಟು. ಸೆರಾಮಿಕ್ ಪ್ಯಾಚ್ ತಗೊಂಡರೆ 25 ಮಿ.ಮೀ. ಚೌಕದಲ್ಲೇ ಎಲ್1 ಕೂರುತ್ತೆ. ಎಲ್1, ಎಲ್5 ಎರಡೂ ಬೇಕಾದರೆ ಒಂದರ ಮೇಲೊಂದು ಪ್ಯಾಚ್ ಪೇರಿಸ್ತಾರೆ, ಮತ್ತು ಅದು ಒಳ್ಳೆಯ ವ್ಯಾಪಾರ, ಯಾಕಂದರೆ ಜಿಪಿಎಸ್‌ನ ಎಲ್5, ಗೆಲಿಲಿಯೋದ ಇ5ಎ, ನಾವಿಕ್‌ನ ಎಲ್5 ಮೂರೂ 1176.45ರಲ್ಲೇ ಇವೆ. ನಾವಿಕ್‌ನ ಎಸ್ ಬ್ಯಾಂಡ್ ಮಾತ್ರ ಒಂಟಿ. ಅದು ಶುರುವಾಗೋದು 2483.5 ಮೆಗಾಹರ್ಟ್ಸ್‌ಗೆ, ಅಂದರೆ 2.4 ಗಿಗಾಹರ್ಟ್ಸ್ ವೈ-ಫೈ ಬ್ಯಾಂಡ್ ಎಲ್ಲಿ ಮುಗಿಯುತ್ತೋ ಅಲ್ಲೇ. ಮನೆಗೆರಡು ರೌಟರ್ ಇರೋ ನಮ್ಮ ಬೀದಿಗಳಲ್ಲಿ ಎಸ್ ಬ್ಯಾಂಡ್ ಆಂಟೆನಾ ಮಾಡೋರಿಗೆ ಒಳ್ಳೆ ಫಿಲ್ಟರ್ ಬೇಕು, ಒಳ್ಳೆ ತಾಳ್ಮೆಯೂ ಬೇಕು.

ಇಷ್ಟೆಲ್ಲ ಯಾಕೆ, ನಮ್ಮ ಫೋನಿನಲ್ಲಿರೋ ಆಂಟೆನಾ ಸರ್ಕ್ಯುಲರ್ರೇ ಅಲ್ಲ, ಆದರೂ ದಾರಿ ತೋರಿಸುತ್ತಲ್ಲ ಅಂತ ಕೇಳೋರು ಇದ್ದಾರೆ. ಪ್ರಶ್ನೆ ಸರಿಯಾಗೇ ಇದೆ. ಫೋನಿನ ಪುಟ್ಟ ಆಂಟೆನಾ ಹೆಚ್ಚು ಕಮ್ಮಿ ಲೀನಿಯರ್, ಅದು 3 ಡಿಬಿ ಅಲ್ಲೇ ಬಿಟ್ಟುಕೊಡುತ್ತೆ, ಎಡಗೈ ಬಲಗೈ ಭೇದ ಅದಕ್ಕಿಲ್ಲ. ಆದರೂ ನಡೆಯೋದು ಆಕಾಶದಲ್ಲಿ ಧಾರಾಳ ಇರೋದರಿಂದ. ಜಿಪಿಎಸ್, ಗ್ಲೋನಾಸ್, ಗೆಲಿಲಿಯೋ, ಬೈಡೂ ಸೇರಿಸಿದರೆ ನೂರಕ್ಕೂ ಮೇಲೆ ಉಪಗ್ರಹಗಳು. ಹತ್ತು ಕೆಟ್ಟರೆ ಇನ್ನು ಹತ್ತರಿಂದ ಲೆಕ್ಕ ಸರಿಮಾಡಿಕೊಳ್ಳುತ್ತೆ.

ನಾವಿಕ್‌ಗೆ ಆ ಧಾರಾಳ ಇಲ್ಲ. 2013ರ ಜುಲೈ 1ರಂದು ಐಆರ್‌ಎನ್‌ಎಸ್‌ಎಸ್-1ಎ ಹಾರಿತು, 2016ರ ಏಪ್ರಿಲ್‌ನಲ್ಲಿ ಏಳನೆಯದು ಹಾರಿದ ದಿನ ವ್ಯವಸ್ಥೆಗೆ ನಾವಿಕ್ ಅಂತ ಹೆಸರಾಯಿತು. ಆಮೇಲೆ ಹೊರಗಿನಿಂದ ತಂದ ರುಬಿಡಿಯಂ ಗಡಿಯಾರಗಳು ಒಂದೊಂದೇ ನಿಂತವು. 2017ರಲ್ಲಿ 1ಎಚ್‌ನ ಹೀಟ್ ಶೀಲ್ಡ್ ತೆರೆಯಲಿಲ್ಲ. 2023ರ ಮೇ 29ರಂದು ಹೋದ ಎನ್‌ವಿಎಸ್-01ರಲ್ಲಿ ಸ್ವದೇಶಿ ಗಡಿಯಾರವೂ ಎಲ್1 ಸಿಗ್ನಲ್ಲೂ ಬಂದವು, ಖುಷಿ ಆಯ್ತು. 2025ರ ಜನವರಿ 29ರ ಎನ್‌ವಿಎಸ್-02ರಲ್ಲಿ ಆಕ್ಸಿಡೈಸರ್ ಬಿಡುವ ವಾಲ್ವ್ ತೆರೆಯದೆ ಉಪಗ್ರಹ ತನ್ನ ಕಕ್ಷೆ ಸೇರಲಿಲ್ಲ. ಅದೇ ವರ್ಷ ಸರ್ಕಾರ ಸಂಸತ್ತಿಗೆ ಕೊಟ್ಟ ಉತ್ತರದ ಪ್ರಕಾರ ಹಾರಿಸಿದ 11ರಲ್ಲಿ ಸ್ಥಾನ ಹೇಳೋ ಕೆಲಸ ಮಾಡ್ತಿದ್ದದ್ದು ನಾಲ್ಕು. ಸ್ಥಾನ ಲೆಕ್ಕ ಹಾಕೋಕೆ ಕನಿಷ್ಠ ಬೇಕಾದದ್ದೂ ನಾಲ್ಕೇ. ಅಂದರೆ ಒಂದು ಉಪಗ್ರಹದ ಸಿಗ್ನಲ್ ಆಂಟೆನಾದ ದೋಷದಿಂದ ಕಳಚಿಹೋದರೆ ನಾವಿಕ್ ಒಂದರಿಂದಲೇ ಸ್ಥಾನ ಸಿಗೋ ಹಾದಿ ಮುಚ್ಚಿತು. ವಾಣಿಜ್ಯ ವಾಹನಗಳ ಟ್ರ್ಯಾಕರ್‌ನಲ್ಲಿ ನಾವಿಕ್ ಇರಬೇಕು ಅಂತ 2019ರ ಏಪ್ರಿಲ್‌ನಿಂದ ನಿಯಮ ಇದೆ. ಆ ಪೆಟ್ಟಿಗೆಗಳು ಡ್ಯಾಶ್‌ಬೋರ್ಡಿನ ಅಡಿಯಲ್ಲಿ ತಗಡಿನ ಸಂದಿಯಲ್ಲಿ ಕೂತಿದ್ದರೆ ಅವಕ್ಕೆ ಎಷ್ಟು ಆಕಾಶ ಕಾಣುತ್ತೆ ಅನ್ನೋದನ್ನ ಯೋಚಿಸಿ.

ಆಕಾಶದಲ್ಲಿ ಗಡಿಯಾರ ನಿಂತರೆ ನಾವೇನೂ ಮಾಡೋಕಾಗಲ್ಲ, ಅದನ್ನು ಬ್ಯಾಲಾಳು ಮತ್ತು ಪೀಣ್ಯದಲ್ಲಿ ಕೂತವರು ನೋಡಿಕೊಳ್ತಾರೆ. ನೆಲದ ಮೇಲಿನ ಈ ನಾಲ್ಕು ಇಂಚಿನ ಬೋರ್ಡ್ ಮಾತ್ರ ನಮ್ಮ ಕೈಯಲ್ಲಿದೆ. ನಾಳೆ ಟ್ರ್ಯಾಕರ್ ಮಾಡೋ ಕಂಪನಿಗೆ, ಡ್ರೋನ್ ಮಾಡೋ ಸ್ಟಾರ್ಟಪ್‌ಗೆ ಸೇರೋರು ನಮ್ಮ ಕ್ಲಾಸಿನವರೇ. ಆಗ ಬಿಸಿಲಿಗೆ ರಿಸೀವರ್ ಲಾಕ್ ಆಗದಿದ್ದರೆ ನಾವಿಕ್ ಸರಿ ಇಲ್ಲ ಅಂತ ಷರಾ ಬರೆಯೋದು ಸುಲಭ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಹಾಗಾದರೆ ಟೆರೇಸಿನಲ್ಲಿ ಮಾಡೋದೇನು? ಆನೆಕೋಯಿಕ್ ಚೇಂಬರ್ ಇಲ್ಲ ಅನ್ನೋದು ಬಹುತೇಕ ಕಾಲೇಜುಗಳ ಉತ್ತರ. ಇಲ್ಲದಿದ್ದರೂ ನಡೆಯುತ್ತೆ. ಆಕ್ಸಿಯಲ್ ರೇಷಿಯೋ ಅಳೆಯೋಕೆ ಖಾಲಿ ಸೆಮಿನಾರ್ ಹಾಲ್, ಒಂದು ಅಗ್ಗದ ವಿಎನ್‌ಎ, ಒಂದು ಸಾದಾ ಡೈಪೋಲ್ ಸಾಕು. ಡೈಪೋಲನ್ನು ಪ್ಯಾಚ್‌ಗೆ ಎದುರಾಗಿಟ್ಟು ಹತ್ತು ಹತ್ತು ಡಿಗ್ರಿ ತಿರುಗಿಸ್ತಾ ಎಸ್21 ಬರೆದುಕೊಳ್ಳಿ. ಅತಿ ಹೆಚ್ಚಿಗೂ ಅತಿ ಕಡಿಮೆಗೂ ಇರೋ ವ್ಯತ್ಯಾಸವೇ ಡಿಬಿಯಲ್ಲಿ ಆಕ್ಸಿಯಲ್ ರೇಷಿಯೋ. ಪ್ಯಾಚನ್ನು ಓರೆ ಮಾಡಿ ಮತ್ತೆ ಅಳೆದರೆ ಕೋನದ ಲೆಕ್ಕವೂ ಸಿಕ್ಕಿತು. ಗೋಡೆಯ ಪ್ರತಿಫಲನದಿಂದ ಅರ್ಧ ಡಿಬಿ ಒಂದು ಡಿಬಿ ಆಚೀಚೆ ಆಗಬಹುದು, ಆದರೆ 2 ಡಿಬಿಯ ಆಂಟೆನಾವನ್ನೂ 9 ಡಿಬಿಯ ಆಂಟೆನಾವನ್ನೂ ಬೇರೆ ಮಾಡೋಕೆ ಅಷ್ಟು ಸಾಕು. ಇದನ್ನು ಒಳಗೇ ಮಾಡಿ, ಕನಿಷ್ಠ ಪವರ್‌ನಲ್ಲಿ ಮಾಡಿ. ಮೈನಸ್ 130ರ ಸಿಗ್ನಲ್‌ಗೆ ಕಾಯ್ತಿರೋ ರಿಸೀವರ್‌ಗಳ ಪಕ್ಕ, ಅದೇ ಫ್ರೀಕ್ವೆನ್ಸಿಯಲ್ಲಿ ಬಯಲಲ್ಲಿ ನಿಂತು ಸಿಗ್ನಲ್ ಬಿಡೋದು ಕಾನೂನಿಗೂ ಸರಿಯಲ್ಲ, ನೆರೆಹೊರೆಗೂ ಸರಿಯಲ್ಲ.

ಈ ಡೈಪೋಲ್ ಪರೀಕ್ಷೆ ವೃತ್ತ ಎಷ್ಟು ಚಪ್ಪಟೆ ಅಂತ ಹೇಳುತ್ತೆ, ಕೈ ಯಾವುದು ಅಂತ ಹೇಳಲ್ಲ. ಅದಕ್ಕೆ ಆಕಾಶ ಬೇಕು. ಬೆಂಗಳೂರಿನ ಅದೃಷ್ಟ ಇಲ್ಲೇ ಇರೋದು. ಜಿಪಿಎಸ್ ಉಪಗ್ರಹ ಸದಾ ಓಡ್ತಿರುತ್ತೆ, ಬೆಳಗ್ಗೆ ಅಳೆದದ್ದನ್ನು ಮಧ್ಯಾಹ್ನ ಹೋಲಿಸೋಕಾಗಲ್ಲ. ನಮಗೆ ನಿಂತಲ್ಲೇ ಉರಿಯೋ ದೀಪಗಳಿವೆ. ವಿಮಾನಗಳಿಗಾಗಿ ಮಾಡಿದ ಗಗನ್ ವ್ಯವಸ್ಥೆಯ ಸಾಧನ ಹೊತ್ತ ಜಿಸ್ಯಾಟ್-10 ಅನ್ನು ನಿಲ್ಲಿಸಿದ್ದು 83 ಡಿಗ್ರಿ ಪೂರ್ವದಲ್ಲಿ. ಬೆಂಗಳೂರಿಗೆ ಅದು 73 ಡಿಗ್ರಿ ಎತ್ತರ, ಬಹುತೇಕ ನೆತ್ತಿಯ ಮೇಲೆ. ರಿಸೀವರ್ ಪಟ್ಟಿಯಲ್ಲಿ 128ನೇ ನಂಬರಿನದು ಕಂಡರೆ ಅದೇ. ಇನ್ನೊಂದು ದೀಪ ಆಗಲೇ ಹೇಳಿದ ಎನ್‌ವಿಎಸ್-01, ಪೂರ್ವಕ್ಕೆ 30 ಡಿಗ್ರಿ ಎತ್ತರದಲ್ಲಿ. ಒಂದು ಮೇಲೆ, ಒಂದು ಪಕ್ಕದಲ್ಲಿ, ಎರಡೂ ಬಲಗೈ. ನಿಮ್ಮ ಪ್ಯಾಚನ್ನೂ ಅಂಗಡಿಯಲ್ಲಿ ಸಿಗೋ ಒಂದು ಮಾಮೂಲಿ ಆಂಟೆನಾವನ್ನೂ ಅಕ್ಕಪಕ್ಕ ಇಟ್ಟು, ಎರಡರ ಹಿಂದೆಯೂ ಒಂದೇ ಥರದ ಎಲ್‌ಎನ್‌ಎ ಹಾಕಿ, ಅದೇ ನಿಮಿಷದಲ್ಲಿ ಅದೇ ಉಪಗ್ರಹದ ಕ್ಯಾರಿಯರ್ ಟು ನಾಯ್ಸ್ ಸಂಖ್ಯೆ ಬರೆದುಕೊಳ್ಳಿ. ಎಲ್‌ಎನ್‌ಎ ಬೇರೆ ಬೇರೆ ಆದರೆ ಹೋಲಿಕೆಗೆ ಅರ್ಥ ಇಲ್ಲ. ಕೈ ತಪ್ಪಿದ್ದರೆ ನೆತ್ತಿಯ ಮೇಲಿನ ದೀಪವೇ ಮಂಕಾಗಿ ಕಾಣುತ್ತೆ. ಎಫ್‌ಆರ್-4 ನುಂಗಿದ್ದು ಎಷ್ಟು ಅಂತಲೂ ಅಲ್ಲೇ ಗೊತ್ತಾಗುತ್ತೆ. ಆಮೇಲೆ ಕೇಕ್ ಅಲಂಕಾರ ಮಾಡೋ ಪ್ಲಾಸ್ಟಿಕ್ ತಿರುಗುತಟ್ಟೆ ಮೇಲಿಟ್ಟು ನಿಧಾನ ತಿರುಗಿಸಿ, ಎನ್‌ವಿಎಸ್-01ರ ಸಂಖ್ಯೆ ಏರಿಳಿದರೆ ಆಂಟೆನಾ ಎಲ್ಲ ದಿಕ್ಕಿಗೂ ಸಮನಾಗಿ ನೋಡ್ತಿಲ್ಲ ಅಂತ. ಹೀಗೆ ತಿರುಗಿಸಿ ಆಕ್ಸಿಯಲ್ ರೇಷಿಯೋ ಅಳೆದೆವು ಅಂತ ಮಾತ್ರ ರಿಪೋರ್ಟಿನಲ್ಲಿ ಬರೀಬೇಡಿ. ಬರ್ತಿರೋ ಅಲೆಯೇ ಸುತ್ತುತ್ತಿರೋವಾಗ ಲೀನಿಯರ್ ಆಂಟೆನಾವನ್ನು ನೆತ್ತಿಯ ಉಪಗ್ರಹದ ಕೆಳಗೆ ಎಷ್ಟು ತಿರುಗಿಸಿದರೂ ಸಂಖ್ಯೆ ಅಲ್ಲಾಡಲ್ಲ.

ಟೆರೇಸ್ ಅಂದರೆ ನೀರಿನ ಟ್ಯಾಂಕು, ಸೋಲಾರ್ ಹೀಟರು, ಓನರ್ ಆಂಟಿ ಬಟ್ಟೆ ಒಣಗಿಸೋ ತಂತಿ ಎಲ್ಲ ಇರುತ್ತೆ. ಇರಲಿ. ಓಡೋ ಜಿಪಿಎಸ್ ಉಪಗ್ರಹಗಳು ಉಪಯೋಗಕ್ಕೆ ಬರೋದು ಈಗ. ಅವು ಬೆಂಗಳೂರಿನ ಆಕಾಶದಲ್ಲಿ ಅದೇ ಹಾದಿಗೆ ಮರಳಿ ಬರೋದು ದಿನಕ್ಕೆ ಸುಮಾರು ನಾಲ್ಕು ನಿಮಿಷ ಬೇಗ. ಸೋಮವಾರ ಹತ್ತು ಗಂಟೆಗೆ ಒಂದು ಉಪಗ್ರಹದ ಸಂಖ್ಯೆ ಕುಸಿದು, ಮಂಗಳವಾರ ಅದೇ ಉಪಗ್ರಹದ್ದು 9:56ಕ್ಕೆ ಅದೇ ಥರ ಕುಸಿದರೆ ಅದು ಟ್ಯಾಂಕಿನ ಕೆಲಸ. ಎರಡು ಆಂಟೆನಾಗಳಲ್ಲಿ ಯಾವುದರಲ್ಲಿ ಆ ಕುಸಿತ ಚಿಕ್ಕದೋ ಅದು ಎಡಗೈ ಸಿಗ್ನಲ್ಲನ್ನು ಚೆನ್ನಾಗಿ ತಡೀತಿದೆ. ಮಲ್ಟಿಪಾತ್ ಅನ್ನೋದು ಪಿಪಿಟಿಯ ಬಾಣದ ಗುರುತಾಗಿದ್ದದ್ದು ಇಲ್ಲಿ ಗಡಿಯಾರದ ಮುಳ್ಳು ನೋಡಿ ಹೇಳೋ ವಿಷಯ ಆಗುತ್ತೆ.

ವಿಭಾಗಗಳನ್ನು ನಾವು ಕೇಳೋದು ದೊಡ್ಡದೇನಲ್ಲ. ಎರಡು ಬ್ಯಾಂಡಿನ, ನಾವಿಕ್ ಮತ್ತು ಗಗನ್ ಎರಡನ್ನೂ ಹಿಡಿಯೋ ಎರಡು ರಿಸೀವರ್ ಬೋರ್ಡ್ ಲ್ಯಾಬಿಗೆ ಬರಲಿ. ಟೆರೇಸಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ಹುಡುಗರು ಮೂರು ದಿನ ಅಲೆಯೋದು ತಪ್ಪಲಿ. ಪ್ರಾಜೆಕ್ಟ್ ಮೌಲ್ಯಮಾಪನದ ಹಾಳೆಯಲ್ಲಿ ಎಸ್11ಗೆ ಇರೋ ಅಂಕದಲ್ಲಿ ಅರ್ಧ ಕಿತ್ತು ಆಕಾಶದ ಅಳತೆಗೆ ಕೊಡಲಿ. ಸಿಮ್ಯುಲೇಷನ್‌ಗಿಂತ ಅಳತೆ ಕೆಟ್ಟದಾಗಿ ಬಂದ ತಂಡ, ಯಾಕೆ ಕೆಟ್ಟಿತು ಅಂತ ತೋರಿಸಿದರೆ, ಸುಂದರ ಗ್ರಾಫ್ ತಂದ ತಂಡಕ್ಕಿಂತ ಹೆಚ್ಚು ಅಂಕ ಪಡೀಬೇಕು. ಇದೊಂದು ಅಂಶಕ್ಕೆ ಗೈಡುಗಳಿಂದ ವಿರೋಧ ಬರಬಹುದು, ಬರಲಿ, ಚರ್ಚೆ ಮಾಡೋಣ.

ಸಲಕರಣೆ ಕಡಿಮೆ ಅನ್ನೋ ಮಾತಿಗೆ ಈ ಊರಲ್ಲೇ ಒಂದು ಉತ್ತರ ಇದೆ. 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಓದಿದ್ದು ಬಸವನಗುಡಿಯಲ್ಲಿ ಅವರ ಅಜ್ಜಿ ಕಮಲಮ್ಮ ದಾಸಪ್ಪ ಶುರುಮಾಡಿದ್ದ ಶಾಲೆಯಲ್ಲಿ, ಆಮೇಲೆ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ. ಮಿಷಿಗನ್‌ನಲ್ಲಿ ಪಿಎಚ್‌ಡಿ ಮುಗಿಸಿ 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿ, ಪತಿ ಶಿಶಿರ್ ಕುಮಾರ್ ಚಟರ್ಜಿ ಜೊತೆ ಮೈಕ್ರೋವೇವ್ ಮತ್ತು ಆಂಟೆನಾ ಸಂಶೋಧನೆ ಕಟ್ಟಿದರು. ಕೈಯಲ್ಲಿ ಹಿಡಿಯೋ ವಿಎನ್‌ಎ ಅನ್ನೋದು ಆಗ ಕನಸಲ್ಲೂ ಇರಲಿಲ್ಲ. ನಮ್ಮ ಪ್ಯಾಚ್ ಪೋಸ್ಟರ್‌ಗಳಲ್ಲಿ ಅವರ ಹೆಸರು ಕಾಣೋದು ಅಪರೂಪ.

ಟೆರೇಸಿಗೆ ಹೋಗೋರಿಗೆ ಇನ್ನೊಂದು ಮಾತು. ಕಾಂತೀಯ ಸಮಭಾಜಕ ಹಾದುಹೋಗೋದು ದಕ್ಷಿಣ ಭಾರತದ ತುದಿಯ ಮೇಲೆ, ನಾವಿರೋದು ಅದಕ್ಕೆ ಹತ್ತಿರ. ಹಾಗಾಗಿ ಮಾರ್ಚ್ ಏಪ್ರಿಲ್ ಮತ್ತು ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಸೂರ್ಯ ಮುಳುಗಿದ ಮೇಲೆ ಅಯಾನುಗೋಳದಲ್ಲಿ ಗುಳ್ಳೆಗಳೆದ್ದು, ಮಧ್ಯರಾತ್ರಿ ತನಕ ಸಿಗ್ನಲ್ ಮಿಣಮಿಣ ಅಂತ ಏರಿಳಿಯೋದುಂಟು. ಎಂಥ ಒಳ್ಳೆ ಆಂಟೆನಾ ಇದ್ದರೂ ಆ ಹೊತ್ತಲ್ಲಿ ಸಂಖ್ಯೆ ಕುಣಿಯುತ್ತೆ. ಆಂಟೆನಾ ಹೋಲಿಸೋಕೆ ಬೆಳಗ್ಗೆ ಕ್ಲಾಸಿಗೆ ಮುಂಚಿನ ಹೊತ್ತು ಒಳ್ಳೇದು. ಆ ಮಿಣಮಿಣವನ್ನೇ ರೆಕಾರ್ಡ್ ಮಾಡೋ ಆಸೆ ಇದ್ದರೆ ರಾತ್ರಿ ಎಂಟರ ಮೇಲೆ ಹತ್ತಿ, ಅದು ಬೇರೆಯದೇ ಪ್ರಾಜೆಕ್ಟು.